ಮಧ್ಯಾಹ್ನ ಎರಡು ಗಂಟೆಗೆ ಕೂಸು ಎಲ್ಲಿರುತ್ತದೆ?

(ಕಲ್ಯಾಣ ಕರ್ನಾಟಕದ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮತ್ತು ಪಂಚಾಯಿತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬಿಸಿಲಿನಲ್ಲಿ ಬಂದಿದ್ದೀರಿ, ಮೊದಲು ನೀರು ಕುಡಿಯಿರಿ. ಹಿಂದೆ ಕೊಡ ಇಟ್ಟಿದ್ದಾರೆ. ನಾನು ಮಾತಾಡುವಾಗ ಎದ್ದು ಹೋಗಿ ಕುಡಿದರೂ ಬೇಜಾರಿಲ್ಲ.

ಹವಾಮಾನ ಬದಲಾವಣೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಹಿಮ ಕರಗುವುದು, ಸಮುದ್ರ ಉಕ್ಕುವುದು. ಇಲ್ಲಿ ಕೂತವರಿಗೆ ಅದೆಲ್ಲ ಬಹಳ ದೂರದ ಮಾತು. ಹಾಗಾಗಿ ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಏಪ್ರಿಲ್ ಕೊನೆಯ ವಾರ ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ ಎರಡು ಗಂಟೆ. ನಿಮ್ಮ ಊರಿನ ಅತಿ ಚಿಕ್ಕ ಕೂಸುಗಳು ಆ ಹೊತ್ತಿಗೆ ಎಲ್ಲಿರುತ್ತವೆ? ಯಾವ ಕೋಣೆಯಲ್ಲಿ? ಆ ಕೋಣೆಯ ಮೇಲೆ ಏನಿದೆ, ಆರ್‌ಸಿಸಿಯೋ, ತಗಡೋ, ಹಳೇ ಮಣ್ಣಿನ ಮಾಳಿಗೆಯೋ? ಪಕ್ಕದಲ್ಲಿ ಯಾರಿದ್ದಾರೆ? ಈ ಪ್ರಶ್ನೆಗೆ ಮನೆ ಮನೆಯ ಲೆಕ್ಕದಲ್ಲಿ ಉತ್ತರ ಕೊಡಬಲ್ಲ ಊರು ತನ್ನ ಮಕ್ಕಳನ್ನು ಬಿಸಿಲಿನಿಂದ ಕಾಪಾಡಿಕೊಳ್ಳಬಲ್ಲದು ಅಂತ ನಾನು ನಂಬಿದ್ದೇನೆ. ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಕಲಬುರಗಿ, ರಾಯಚೂರು, ಯಾದಗಿರಿಗೆ ಬಿಸಿಲು ಹೊಸದಲ್ಲ. 42 ಡಿಗ್ರಿ ಅಂದರೆ ನಾವು ಹುಬ್ಬು ಕೂಡ ಏರಿಸುವುದಿಲ್ಲ. ‘ನಾವು ಹುಟ್ಟಿ ಬೆಳೆದಿದ್ದೇ ಇದರಾಗ್ರೀ’ ಅಂತ ಹಿರಿಯರು ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಅವರು ಬೆಳೆದದ್ದು ದಪ್ಪ ಗೋಡೆಯ, ಮಣ್ಣು ಹಾಕಿದ ಮಾಳಿಗೆಯ ಮನೆಯಲ್ಲಿ. ಮೇಲೆ ಬೆಳಕಿಂಡಿ, ಕೆಳಗೆ ಶಹಾಬಾದ್ ಕಲ್ಲು. ಅಂಗಳದಲ್ಲಿ ಬೇವಿನ ಮರ. ಇವತ್ತಿನ ಕೂಸು ಬೆಳೆಯುತ್ತಿರುವುದು ತಗಡಿನ ಕೆಳಗೆ, ಇಲ್ಲವೇ ತೆಳು ಸ್ಲ್ಯಾಬಿನ ಕೆಳಗೆ. ಆ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಮನೆಯೊಳಗೆ ಕಕ್ಕುತ್ತದೆ. ಬಿಸಿಲೂ ಏರಿದೆ, ಮನೆಯೂ ಬದಲಾಗಿದೆ. ಎರಡೂ ಸೇರಿ ಬೀಳುವುದು ಕೂಸಿನ ಮೇಲೆ.

ಬಿಸಿಲು ಏರಿದೆ ಅನ್ನುವುದು ಸುಮ್ನೆ ಮಾತಲ್ಲ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 2024ನೇ ಇಸವಿ ದಾಖಲೆ ಇಟ್ಟಾಗಿನಿಂದ ಅತಿ ಬಿಸಿಯಾದ ವರ್ಷ. ಕಾರ್ಖಾನೆಗಳ ಕಾಲ ಶುರುವಾಗುವ ಮುಂಚಿಗಿಂತ ಭೂಮಿಯ ಸರಾಸರಿ ಸುಮಾರು ಒಂದೂವರೆ ಡಿಗ್ರಿ ಮೇಲಕ್ಕೆ ಹೋಗಿತ್ತು. ಅದೇ ವರ್ಷ ಬಿಸಿಲು, ಚಂಡಮಾರುತ, ನೆರೆಯಂಥ ಕಾರಣಗಳಿಂದ 85 ದೇಶಗಳ 24 ಕೋಟಿಗೂ ಜಾಸ್ತಿ ಮಕ್ಕಳ ಓದು ನಿಂತಿತ್ತು ಅಥವಾ ಏರುಪೇರಾಗಿತ್ತು ಅಂತ ಯುನಿಸೆಫ್ ಹೇಳಿದೆ. ಅದರಲ್ಲಿ ನಮ್ಮ ದೇಶದ ಮಕ್ಕಳೇ ಸುಮಾರು 5 ಕೋಟಿ 47 ಲಕ್ಷ. ಹೆಚ್ಚಿನ ಪಾಲು ಏಪ್ರಿಲ್ ತಿಂಗಳ ಬಿಸಿಗಾಳಿಯಿಂದ.

ಇನ್ನೊಂದು ಮಾತು. ಟಿವಿಯಲ್ಲಿ ‘ಇವತ್ತು 43 ಡಿಗ್ರಿ’ ಅಂತ ತೋರಿಸುತ್ತಾರಲ್ವಾ? ಅದು ಎಲ್ಲಿ ಅಳೆದದ್ದು? ಹವಾಮಾನ ಇಲಾಖೆಯ ಥರ್ಮಾಮೀಟರ್ ಬಯಲಿನಲ್ಲಿ, ಬಿಳಿ ಬಣ್ಣದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ಆಳೆತ್ತರಕ್ಕಿಂತ ಸ್ವಲ್ಪ ಕೆಳಗೆ ಇರುತ್ತದೆ. ಅಂದರೆ ಅದು ನೆರಳಿನ, ಗಾಳಿಯ ಲೆಕ್ಕ. ಕಿಟಕಿ ಇಲ್ಲದ ತಗಡಿನ ಕೋಣೆಯಲ್ಲಿ ಮಲಗಿದ ಕೂಸಿನ ಲೆಕ್ಕ ಅದಲ್ಲ. ಗೋಡೆಗೆ ನೇತುಹಾಕುವ ಥರ್ಮಾಮೀಟರ್ ಅಂಗಡಿಯಲ್ಲಿ ಸಿಗುತ್ತದೆ, ದೊಡ್ಡ ಖರ್ಚಲ್ಲ. ಪ್ರತಿ ಅಂಗನವಾಡಿಯಲ್ಲೂ ಒಂದನ್ನು ಹಾಕಿ. ಮಕ್ಕಳು ಕೂರುವ ಎತ್ತರಕ್ಕೆ ಹಾಕಿ, ನಿಮ್ಮ ತಲೆಯ ಎತ್ತರಕ್ಕಲ್ಲ. ಹತ್ತು ಗಂಟೆಗೆ, ಹನ್ನೆರಡಕ್ಕೆ, ಎರಡಕ್ಕೆ ನೋಡಿ ಹಾಜರಿ ಪುಸ್ತಕದ ಮೂಲೆಯಲ್ಲಿ ಬರೆದಿಡಿ. ‘ಬಾಳ ಸೆಕೆ ಐತ್ರೀ’ ಅಂತ ಅರ್ಜಿ ಕೊಟ್ಟರೆ ಯಾರೂ ಓದುವುದಿಲ್ಲ. ಒಂದು ತಿಂಗಳ ಅಂಕಿ ಬರೆದುಕೊಟ್ಟರೆ ಓದಲೇಬೇಕಾಗುತ್ತದೆ.

ಮಕ್ಕಳಿಗೆ ಬಿಸಿಲು ಯಾಕೆ ಜಾಸ್ತಿ ತಾಗುತ್ತದೆ? ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡದು. ಹಾಗಾಗಿ ಸುತ್ತಲಿನ ಗಾಳಿ ಮೈಗಿಂತ ಬಿಸಿಯಾದಾಗ ಕಾವು ಬೇಗ ಒಳಗೆ ಇಳಿಯುತ್ತದೆ. ಹಸುಗೂಸಿಗೆ ಬೆವರುವ ಶಕ್ತಿಯೇ ಕಡಿಮೆ. ಅದರ ಮೈಯಲ್ಲಿ ಮುಕ್ಕಾಲು ಭಾಗ ನೀರು. ಒಂದೆರಡು ಸಲ ಭೇದಿಯಾದರೂ ದೊಡ್ಡವರಿಗಿಂತ ಬೇಗ ಬತ್ತಿ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಎದ್ದು ನೆರಳಿಗೆ ಹೋಗಲು ಬರುವುದಿಲ್ಲ. ನೀರು ಕೇಳಲು ಬರುವುದಿಲ್ಲ. ಹೊದಿಕೆ ಕಿತ್ತೊಗೆಯಲು ಬರುವುದಿಲ್ಲ. ಅದು ಎಲ್ಲಿರಬೇಕು ಅನ್ನುವುದನ್ನು ಪ್ರತಿ ಕ್ಷಣವೂ ಬೇರೆ ಯಾರೋ ತೀರ್ಮಾನ ಮಾಡುತ್ತಿರುತ್ತಾರೆ.

ಆ ತೀರ್ಮಾನ ಬದಲಾದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಅಹಮದಾಬಾದಿನ ಒಂದು ಆಸ್ಪತ್ರೆಯ ಕತೆ ಹೇಳುತ್ತೇನೆ. 2010ರ ಮೇ ತಿಂಗಳು. ಆ ಊರಿನಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ, ಬೇರೆ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ, 1,344 ಸಾವು ಜಾಸ್ತಿ ಆದವು. ಅಲ್ಲಿನ ಪಾಲಿಕೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆರಿಗೆ ವಾರ್ಡು ಇದ್ದದ್ದು ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ. ಹುಟ್ಟಿ ಎರಡು ಮೂರು ದಿನದ ಕೂಸುಗಳಿಗೆ ಜ್ವರ. ಹಾಲು ಕುಡಿಯುತ್ತಿಲ್ಲ. ಮಂಪರು. ಸೋಂಕು ಹುಡುಕಿದರೆ ಸೋಂಕಿಲ್ಲ. ಒಂದಾದ ಮೇಲೊಂದು ಕೂಸು ತೀವ್ರ ನಿಗಾ ಘಟಕಕ್ಕೆ ಬರುತ್ತಿತ್ತು. ಮಕ್ಕಳ ವೈದ್ಯರಿಗೆ ಹೊಳೆಯಿತು: ಇದು ಕಾವಿನ ಕೆಲಸ. ಆಮೇಲೆ ವಾರ್ಡನ್ನು ಕೆಳ ಅಂತಸ್ತಿಗೆ ಇಳಿಸಿದರು.

ನಂತರ ಅವರೇ ದಾಖಲೆಗಳನ್ನು ಕೂತು ನೋಡಿದರು. ಆ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಹೊರಗಿನ ಉಷ್ಣಾಂಶ 42 ದಾಟಿದ ಮೇಲೆ, ಒಂದೊಂದು ಡಿಗ್ರಿ ಏರಿದಾಗಲೂ ಕಾವಿನಿಂದ ದಾಖಲಾಗುವ ಹಸುಗೂಸುಗಳ ಸಂಖ್ಯೆ ಶೇ 43ರಷ್ಟು ಏರುತ್ತಿತ್ತು. ವಾರ್ಡು ಕೆಳಗಿಳಿದ ಮೇಲೆ ಕೂಸುಗಳಿಗೆ ರಕ್ಷಣೆ ಸಿಕ್ಕಿದ್ದೂ ಅಂಕಿಗಳಲ್ಲಿ ಕಂಡಿತು. ಹೊಸ ಔಷಧ ಇಲ್ಲ, ಹೊಸ ಯಂತ್ರ ಇಲ್ಲ. ಮಂಚಗಳನ್ನು ಮೆಟ್ಟಿಲಿಳಿಸಿದರು. ಅದೇ ಊರು 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಅಂಥದ್ದು ಅದೇ ಮೊದಲು. ಆ ಯೋಜನೆಯಿಂದ ವರ್ಷಕ್ಕೆ ಸರಾಸರಿ ಸುಮಾರು 1,190 ಸಾವು ತಪ್ಪಿರಬಹುದು ಅಂತ ಮುಂದೆ ಲೆಕ್ಕ ಹಾಕಿದರು. ಈ ಸಭೆಯಲ್ಲಿ ಆಸ್ಪತ್ರೆಯವರು ಯಾರಾದರೂ ಇದ್ದರೆ ದಯವಿಟ್ಟು ಹೋಗಿ ನೋಡಿ, ನಿಮ್ಮ ಹೆರಿಗೆ ವಾರ್ಡು ಯಾವ ಅಂತಸ್ತಿನಲ್ಲಿದೆ.

ಆಸ್ಪತ್ರೆಯಿಂದ ಕೂಸು ಮನೆಗೆ ಬರುತ್ತದೆ. ಇನ್ನು ಬಾಣಂತಿ ಕೋಣೆಯ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೇ ತಿಂಗಳಲ್ಲಿ ಹೆರಿಗೆಯಾದ ಮನೆಗೆ ಹೋಗಿ ನೋಡಿ. ಕಿಟಕಿಗೆ ಹಳೇ ಕೌದಿ ತೂಗುಹಾಕಿರುತ್ತಾರೆ. ಬಾಗಿಲು ಮುಚ್ಚಿರುತ್ತದೆ. ಹೊರಸಿನ ಕೆಳಗೆ ಕೆಂಡ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಕಣ್ಣು ಉರಿಯುವಷ್ಟು ಹೊಗೆ. ಕೂಸಿನ ತಲೆಗೆ ಕುಂಚಿಗೆ, ಕೈಕಾಲಿಗೆ ಚೀಲ, ಮೇಲೊಂದು ಬಟ್ಟೆ, ಅದರ ಮೇಲೆ ಇನ್ನೊಂದು ಕೌದಿ. ತಾಯಿಯ ಮೈಯೆಲ್ಲ ಬೆವರು. ನೀರು ಜಾಸ್ತಿ ಕುಡಿಯಬಾರದು ಅಂತ ಅವಳಿಗೆ ಬೇರೆ ಕಟ್ಟುನಿಟ್ಟು. ಇಂಥ ಒಂದು ಕೋಣೆಯಲ್ಲಿ ಅಜ್ಜಿಯೊಬ್ಬರು ನನಗೆ ಹೇಳಿದರು: ‘ಡಾಕ್ಟರ್ರೇ, ಹಸಿ ಬಾಣಂತಿ ಐತ್ರೀ. ಗಾಳಿ ಬಡದ್ರ ಕೂಸಿಗೆ ಥಂಡಿ ಹಿಡೀತದ.’ ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 38 ಡಿಗ್ರಿ ದಾಟಿತ್ತು. ಹಸುಗೂಸಿಗೆ ಇರಬೇಕಾದದ್ದು 36.5ರಿಂದ 37.5.

ಆ ಅಜ್ಜಿಯನ್ನು ನಾನು ಬಯ್ಯಲಿಲ್ಲ. ಬಯ್ಯುವುದು ತಪ್ಪು. ಅವರ ಪದ್ಧತಿಯಲ್ಲಿ ವಿವೇಕ ಇದೆ. ಹಸುಗೂಸಿಗೆ ಚಳಿ ನಿಜಕ್ಕೂ ಅಪಾಯ. ಮಾಗಿಯಲ್ಲಿ ಹುಟ್ಟಿದ ಕೂಸಿಗೆ ಬೆಚ್ಚಗಿನ ಕೋಣೆ ಬೇಕೇ ಬೇಕು. ಬಾಗಿಲು ಮುಚ್ಚಿದ್ದರಿಂದ ಬಂದವರೆಲ್ಲ ಕೂಸನ್ನು ಎತ್ತಿ ಆಡಿಸುವುದು ತಪ್ಪುತ್ತಿತ್ತು, ಸೋಂಕು ಕಡಿಮೆಯಾಗುತ್ತಿತ್ತು. ಮಾಗಿಯ ಪದ್ಧತಿಯನ್ನು ಬೇಸಿಗೆಗೆ ತಂದದ್ದಷ್ಟೇ ತಪ್ಪು. ನಾನು ಹೇಳಿದ್ದು ಇಷ್ಟೇ: ‘ಆಯಿ, ಬಾಗಿಲು ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಕೆಂಡ ಹೊರಗಿಡಿ. ಕಿಟಕಿಯ ಕೌದಿ ತೆಗೆದು ತೆಳು ಸೀರೆ ಕಟ್ಟಿ. ಕೂಸಿಗೆ ಒಂದೇ ಹತ್ತಿ ಬಟ್ಟೆ ಸಾಕು.’ ಅವರು ಒಪ್ಪಿದರು. ಕೂಸನ್ನು ಮಾತ್ರ ನಾನು ಅಲ್ಲಿ ಬಿಡಲಿಲ್ಲ, ಆಸ್ಪತ್ರೆಗೆ ಕಳಿಸಿದೆ. ಯಾಕೆಂದರೆ ಕಾವಿನ ಜ್ವರಕ್ಕೂ ಸೋಂಕಿನ ಜ್ವರಕ್ಕೂ ಮೇಲುನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಮೈ ಬಿಸಿ 38 ಮುಟ್ಟಿದರೆ ಮನೆಯಲ್ಲಿ ಕಾಯಬೇಡಿ. ಬಟ್ಟೆ ಸಡಿಲಿಸಿ, ಹಾಲು ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೂಸಿಗೆ ಕಾವಾಗಿದೆಯಾ ಅಂತ ತಿಳಿಯಲು ಅಂಗೈ ಅಂಗಾಲು ಮುಟ್ಟಬೇಡಿ, ಹೊಟ್ಟೆ ಮತ್ತು ಕತ್ತಿನ ಹಿಂಭಾಗ ಮುಟ್ಟಿ. ಅಲ್ಲಿ ಬಿಸಿ, ಬೆವರು ಇದ್ದರೆ ಒಂದು ಬಟ್ಟೆ ತೆಗೆಯಿರಿ. ಉಚ್ಚೆ ಎಣಿಸಿ. ಮೊದಲ ವಾರ ಕಳೆದ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಬೇಕು. ಕಡಿಮೆಯಾದರೆ, ಉಚ್ಚೆಯ ಹಳದಿ ಗಾಢವಾದರೆ, ನೆತ್ತಿ ಕುಳಿ ಬಿದ್ದರೆ, ಅತ್ತರೂ ಅಳು ಸಣ್ಣಗೆ ಬಂದರೆ, ಮೊಲೆ ಹಿಡಿಯದಿದ್ದರೆ ತಡ ಮಾಡಬೇಡಿ.

ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ. ಬೇಸಿಗೆಯಲ್ಲೂ ಅಷ್ಟೇ. ‘ಇಂಥಾ ಬಿಸಲಾಗ ಒಂದು ಗುಟುಕು ನೀರು ಹಾಕಬಾರದೇನ್ರೀ?’ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ತಾಯಿ ಹಾಲಿನಲ್ಲಿ ಬಹುಪಾಲು ನೀರೇ. ಜಾಸ್ತಿ ಸಲ ಕುಡಿಸಿ. ಆ ಒಂದು ಗುಟುಕು ನೀರನ್ನು ತಾಯಿಗೆ ಒಂದು ತಂಬಿಗೆ ಮಾಡಿ ಕೊಡಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಅನ್ನುವ ಮಾತನ್ನು ಈ ಬೇಸಿಗೆಯಲ್ಲಾದರೂ ಬಿಡೋಣ.

ಆಶಾ ತಂಗಿಯರೇ, ನೀವು ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತೀರಿ. ನಿಮ್ಮ ಕಿಟ್‌ನಲ್ಲಿ ಥರ್ಮಾಮೀಟರ್ ಇದೆ, ತಕ್ಕಡಿ ಇದೆ. ಕೂಸನ್ನು ನೋಡುವುದರ ಜೊತೆಗೆ ಕೋಣೆಯನ್ನೂ ನೋಡಿ. ಮನೆಯಲ್ಲಿ ಇದಕ್ಕಿಂತ ತಂಪಾದ ಜಾಗ ಯಾವುದಿದೆ ಅಂತ ಕೇಳಿ. ಎಷ್ಟೋ ಮನೆಗಳಲ್ಲಿ ಜೋಳದ ಚೀಲ ತಂಪಿನಲ್ಲಿರುತ್ತದೆ, ಕೂಸು ತಗಡಿನ ಕೆಳಗಿರುತ್ತದೆ. ಮಾರ್ಚ್‌ನಿಂದ ಜೂನ್ ಒಳಗೆ ದಿನ ತುಂಬುವ ಗರ್ಭಿಣಿಯರ ಪಟ್ಟಿಯನ್ನು ಫೆಬ್ರವರಿಯಲ್ಲೇ ಬೇರೆ ಬರೆದಿಟ್ಟುಕೊಳ್ಳಿ. ಬಿಸಿಗಾಳಿಯ ದಿನಗಳಲ್ಲಿ ಅವಧಿಗೆ ಮುಂಚೆ ಹೆರಿಗೆಯಾಗುವ ಅಪಾಯ ಸುಮಾರು ಶೇ 16ರಷ್ಟು ಏರುತ್ತದೆ ಅಂತ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2020ರ ವರದಿ ಹೇಳಿದೆ. ಏಳನೇ, ಎಂಟನೇ ತಿಂಗಳಲ್ಲಿ ಹುಟ್ಟಿದ ಕೂಸಿಗೆ ಕಾವೂ ತಡೆಯದು, ಚಳಿಯೂ ತಡೆಯದು.

ಈಗ ಅಂಗನವಾಡಿ. ಇಲ್ಲಿ ಕೂತವರಲ್ಲಿ ಎಷ್ಟು ಜನರ ಅಂಗನವಾಡಿಯಲ್ಲಿ ಅಡುಗೆಯೂ ಮಕ್ಕಳೂ ಒಂದೇ ಕೋಣೆಯಲ್ಲಿ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ. ಬೇಸಿಗೆಯ ಎರಡು ತಿಂಗಳು ಅಡುಗೆಯನ್ನು ಹತ್ತು ಗಂಟೆಯೊಳಗೆ ಮುಗಿಸಲು ಆಗುತ್ತದಾ ನೋಡಿ. ಪಕ್ಕದಲ್ಲಿ ನೆರಳಿದ್ದರೆ ಒಲೆಯನ್ನು ಹೊರಗಿಡಿ. ಇಷ್ಟರಿಂದಲೇ ಕೋಣೆಯ ಕಾವು ಇಳಿಯುತ್ತದೆ.

ಚಾವಣಿಗೆ ಬಿಳಿ ಬಳಿಯುವುದು ಇದರ ಮುಂದಿನ ಹೆಜ್ಜೆ. ಸ್ಲ್ಯಾಬಿನ ಮೇಲೆ ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಮೂರು ಕೋಟು ಹೊಡೆದರೆ ಬಿಸಿಲಿನ ಬಹುಪಾಲು ವಾಪಸ್ ಹೋಗುತ್ತದೆ. ಒಳಗೆ ಎರಡರಿಂದ ಐದು ಡಿಗ್ರಿಯವರೆಗೆ ತಂಪಾಗಬಹುದು. ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಹೊಡೆಯಬೇಕು. ತಗಡಿಗೆ ಸುಣ್ಣ ನಿಲ್ಲುವುದಿಲ್ಲ, ಬಿಳಿ ಪೇಂಟ್ ಬೇಕು. ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಚಾಪೆಯನ್ನೋ ಬಿದಿರಿನ ತಟ್ಟಿಯನ್ನೋ ಕಟ್ಟಿದರೂ ನಡುವಿನ ಗಾಳಿ ಕಾವನ್ನು ತಡೆಯುತ್ತದೆ. ಮೇಲೆ ಜೋಳದ ದಂಟು ಹೊದಿಸುವವರಿದ್ದಾರೆ. ಒಲೆ ಇರುವ ಕಡೆ ಅದು ಬೇಡ, ಬೆಂಕಿಯ ಭಯ. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗಾಗಿ ಒಂದು ನೀತಿಯನ್ನೇ ಮಾಡಿತು. ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ಅದು. ಗಡಿ ದಾಟಿದರೆ ಹೈದರಾಬಾದ್. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು? ಅಂಗನವಾಡಿ ಮತ್ತು ಶಾಲೆಗಳಿಂದ ಶುರು ಮಾಡೋಣ ಅನ್ನುವುದು ನನ್ನ ಒತ್ತಾಯ.

ಫ್ಯಾನ್ ಬಗ್ಗೆ ಒಂದು ಮಾತು. ಗಾಳಿಯೇ 40 ಡಿಗ್ರಿ ದಾಟಿದ ಮೇಲೆ ಒಣ ಮೈಗೆ ಫ್ಯಾನ್ ಬಿಟ್ಟರೆ ತಂಪಾಗುವುದಿಲ್ಲ, ಇನ್ನೂ ಕಾವೇರುತ್ತದೆ. ಮೈಗೆ ಒದ್ದೆ ಬಟ್ಟೆ ಸವರಿ ಆಮೇಲೆ ಫ್ಯಾನ್ ಬಿಡಿ.

ಶಾಲೆಗಳಲ್ಲಿ ನೀರಿನ ಗಂಟೆ ನಿಮಗೆ ಗೊತ್ತು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಅದು ಸುದ್ದಿಯಾಯಿತು, ಅದೇ ವರ್ಷ ನಮ್ಮ ರಾಜ್ಯದಲ್ಲೂ ಸುತ್ತೋಲೆ ಬಂತು. ಗಂಟೆ ಹೊಡೆದಾಗ ಎಲ್ಲರೂ ಬಾಟಲಿ ತೆಗೆದು ನೀರು ಕುಡಿಯಬೇಕು. ಬಹಳ ಒಳ್ಳೆಯದು. ಆದರೆ ಏಳನೇ, ಎಂಟನೇ ತರಗತಿಯ ಹೆಣ್ಣುಮಕ್ಕಳನ್ನು ಗಮನಿಸಿ. ಗಂಟೆ ಹೊಡೆದಾಗ ಬಾಟಲಿ ತುಟಿಗೆ ತಾಗಿಸಿ ಇಳಿಸುತ್ತಾರೆ. ಒಂದು ಗುಟುಕೂ ಒಳಗೆ ಹೋಗಿರುವುದಿಲ್ಲ. ಯಾಕಮ್ಮ ಅಂದರೆ ತಲೆ ತಗ್ಗಿಸುತ್ತಾರೆ. ಶೌಚಾಲಯಕ್ಕೆ ಬೀಗ, ಇಲ್ಲವೇ ನೀರಿಲ್ಲ, ಇಲ್ಲವೇ ಚಿಲಕ ಇಲ್ಲ. ಹೋಗಲು ಜಾಗ ಇಲ್ಲದಿದ್ದರೆ ಅವರು ಯಾಕೆ ಕುಡಿಯುತ್ತಾರೆ ಹೇಳಿ? ಬೆಳಿಗ್ಗೆಯಿಂದ ಸಂಜೆವರೆಗೆ ಕಟ್ಟಿಕೊಂಡಿರುತ್ತಾರೆ. ಉರಿಮೂತ್ರ, ಹೊಟ್ಟೆನೋವು, ತಲೆಸುತ್ತು ಅಂತ ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ಮೇಷ್ಟ್ರೇ, ಶೌಚಾಲಯದ ಚಿಲಕ ರಿಪೇರಿ ಮಾಡಿಸಿದರೆ ಅದೂ ಬಿಸಿಲಿನಿಂದ ಮಕ್ಕಳನ್ನು ಕಾಪಾಡುವ ಕೆಲಸವೇ. ಗಂಟೆಯ ಜೊತೆಗೆ ಚಿಲಕವೂ ಬೇಕು, ಬಕೆಟ್ ನೀರೂ ಬೇಕು.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ, ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ಆಗುತ್ತದೆ. ಸರಿಯಾದ ಕ್ರಮ. ನಡುಹಗಲಿನ ಬಿಸಿಲು ಮನುಷ್ಯರಿಗೆ ಆಗದು ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಅದೇ ಲೆಕ್ಕವನ್ನು ಮಕ್ಕಳಿಗೂ ಹಾಕಿ. ಮಧ್ಯಾಹ್ನದ ಕ್ರಿಕೆಟ್ ಟೂರ್ನಮೆಂಟ್, ಬೇಸಿಗೆ ಶಿಬಿರದ ಮೆರವಣಿಗೆ, ಜಾತ್ರೆಯಲ್ಲಿ ಚಿಕ್ಕವರನ್ನು ಸಾಲಾಗಿ ನಿಲ್ಲಿಸುವುದು, ಇವೆಲ್ಲ ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ಐದರ ಮೇಲೆ ಇರಲಿ.

ಇನ್ನು ನನ್ನನ್ನು ಬಹಳ ಕಾಡುವ ವಿಷಯಕ್ಕೆ ಬರುತ್ತೇನೆ. ಗುಳೆ ಹೋದ ಮಕ್ಕಳು. ಆ ಎರಡು ಗಂಟೆಯ ಪ್ರಶ್ನೆಗೆ ಉತ್ತರವೇ ಸಿಗದ ಮಕ್ಕಳು ಇವರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ತೊಗರಿ ಕೈಕೊಟ್ಟರೆ ನಮ್ಮ ಜನ ಏನು ಮಾಡುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಹೊರಡುತ್ತಾರೆ. ಕಟ್ಟಡದ ಪಕ್ಕ ನೀಲಿ ತಾಡಪತ್ರೆಯ ಗುಡಿಸಲು. ಪ್ಲಾಸ್ಟಿಕ್ ಹಾಳೆಯ ಕೆಳಗಿನ ಗಾಳಿ ಹೊರಗಿನ ಗಾಳಿಗಿಂತ ಬಿಸಿ. ತಾಯಿ ಇಟ್ಟಿಗೆ ಹೊರುತ್ತಿದ್ದಾಳೆ. ಆರು ತಿಂಗಳ ತಮ್ಮನನ್ನು ಏಳು ವರ್ಷದ ಅಕ್ಕ ನೋಡಿಕೊಳ್ಳುತ್ತಿದ್ದಾಳೆ. ಇಲ್ಲಿನ ಅಂಗನವಾಡಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಊರಲ್ಲಿಲ್ಲ’ ಅಂತ ಬರೆದಿರುತ್ತದೆ. ಅಲ್ಲಿನ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ.

ಇದಕ್ಕೆ ನಾವು ಮಾಡಬಹುದಾದದ್ದು ಇದೆ. ಕುಟುಂಬ ಹೊರಡುವ ಮುಂಚೆ ತಾಯಿ ಕಾರ್ಡನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಕೊಡಿ. ಎಲ್ಲಿಗೆ ಹೋಗುತ್ತಾರೆ ಕೇಳಿ, ಆ ಕಡೆಯ ಅಂಗನವಾಡಿಯಲ್ಲಿ ಹೆಸರು ಬರೆಸಬಹುದು, ಅದು ನಿಮ್ಮ ಹಕ್ಕು ಅಂತ ಹೇಳಿ ಕಳಿಸಿ. ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಸಕ್ಕರೆ-ಲವಣದ ಪುಡಿ, ಓಆರ್‌ಎಸ್, ನಾಲ್ಕು ಪೊಟ್ಟಣ ಗಂಟಿನಲ್ಲಿ ಹಾಕಿ ಕೊಡಿ. ಇನ್ನು ಗುಳೆ ಹೋಗದೆ ಇಲ್ಲೇ ಕೂಲಿಗೆ ಹೋಗುವ ತಾಯಂದಿರಿಗಾಗಿ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು, ಅಂದರೆ ತಾಯಿ ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವ ಕೇಂದ್ರ. ನಿಮ್ಮ ಪಂಚಾಯಿತಿಯಲ್ಲಿ ಅದು ಇದ್ದರೆ ಎರಡು ಗಂಟೆಗೆ ಹೋಗಿ ಒಳಗೆ ಕೂತು ನೋಡಿ. ತಂಪಾಗಿದೆಯಾ? ನೀರಿದೆಯಾ? ಬಾಗಿಲಿಗೆ ಬೀಗ ಬಿದ್ದಿದ್ದರೆ ತೆಗೆಸಿ. ಇದಕ್ಕಿಂತ ಒಳ್ಳೆಯ ಬೇಸಿಗೆ ರಕ್ಷಣೆ ಕೂಲಿ ತಾಯಿಯ ಕೂಸಿಗೆ ಬೇರೆ ಇಲ್ಲ. 2024ರ ಬೇಸಿಗೆ ರಜೆಯಲ್ಲಿ ಬರದ ತಾಲ್ಲೂಕುಗಳಲ್ಲಿ ಬಿಸಿಯೂಟ ಮುಂದುವರಿಸಿದ್ದನ್ನೂ ನೆನೆಯಬೇಕು. ಹಸಿದ ಮೈ ಬಿಸಿಲು ತಡೆಯುವುದಿಲ್ಲ.

ಓಆರ್‌ಎಸ್ ಅಂದೆ. ಅಂಗಡಿಯಲ್ಲಿ ಬಣ್ಣದ ಡಬ್ಬಿಗಳಲ್ಲಿ ಓಆರ್‌ಎಸ್ ಹೆಸರು ಹಾಕಿಕೊಂಡು ಸಿಹಿ ಪಾನೀಯ ಮಾರುತ್ತಿದ್ದರು. ಸಕ್ಕರೆ ಜಾಸ್ತಿ, ಲವಣ ಸಾಲದು. ಭೇದಿಯಾದ ಕೂಸಿಗೆ ಅದನ್ನು ಕುಡಿಸಿದರೆ ಭೇದಿ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ನಿಮಗೆ ಬೇಕಾದದ್ದು ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಪೊಟ್ಟಣ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು. ಅರ್ಧ ಪೊಟ್ಟಣ, ಒಂದು ಲೋಟ ನೀರು ಅಂತ ಅಂದಾಜು ಮಾಡಬೇಡಿ. ಲವಣ ಹೆಚ್ಚಾದರೆ ಕೂಸಿಗೆ ಅಪಾಯ. ಭೇದಿಯಾದರೆ ಜೊತೆಗೆ ಹದಿನಾಲ್ಕು ದಿನ ಜಿಂಕ್ ಮಾತ್ರೆ. ಭೇದಿ ನಿಂತರೂ ಮಾತ್ರೆ ನಿಲ್ಲಿಸಬಾರದು.

ಭೇದಿಗೂ ಬಿಸಿಲಿಗೂ ಏನು ಸಂಬಂಧ ಅಂದರೆ ನೀರು. ಬೋರ್‌ವೆಲ್ ಬತ್ತುತ್ತದೆ, ನಲ್ಲಿ ವಾರಕ್ಕೊಮ್ಮೆ ಬರುತ್ತದೆ, ಖಾಲಿ ಪೈಪಿಗೆ ಚರಂಡಿ ನೀರು ನುಗ್ಗುತ್ತದೆ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ನಿಮಗೆ ನೆನಪಿರಬೇಕು. ನಲ್ಲಿ ಬಾರದಿದ್ದಾಗ ಮನೆಯಲ್ಲಿ ಡ್ರಮ್ಮು, ಹಂಡೆ, ಗಡಿಗೆ ಎಲ್ಲದರಲ್ಲೂ ನೀರು ತುಂಬಿಡುತ್ತೇವೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲೇ. ಅದರ ಮೊಟ್ಟೆ ಒಣಗಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಒಳಗಡೆ ಉಜ್ಜಿ ತೊಳೆಯಬೇಕು, ವಾರಕ್ಕೊಮ್ಮೆ. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನೂ ಇಟ್ಟಿತು. ಮೇಷ್ಟ್ರೇ, ಶಾಲೆಯ ನೀರಿನ ಟ್ಯಾಂಕು ರಜೆಯ ಎರಡು ತಿಂಗಳು ಹಾಗೇ ಬಿದ್ದಿರುತ್ತದೆ. ಮಕ್ಕಳು ಬರುವ ಮುಂಚಿನ ದಿನವೇ ತೊಳೆಸಿಬಿಡಿ.

ಮಗುವಿಗೆ ಬಿಸಿಲು ಬಡಿದಾಗ ಏನು ಮಾಡಬೇಕು? ಮೈ ಕೆಂಡದಂತೆ ಸುಡುತ್ತಿದೆ, ತಡಬಡಿಸುತ್ತಿದೆ, ಫಿಟ್ಸ್ ಬಂದಿದೆ, ಕರೆದರೆ ಕಣ್ಣು ಬಿಡುತ್ತಿಲ್ಲ ಅಂದರೆ ಒಂದು ನಿಮಿಷವೂ ಕಾಯಬೇಡಿ. ನೆರಳಿಗೆ ತನ್ನಿ. ಬಟ್ಟೆ ಬಿಚ್ಚಿ. ತಲೆಯಿಂದ ಕಾಲಿನವರೆಗೆ ನೀರು ಸುರಿಯಿರಿ, ಗಾಳಿ ಹಾಕಿ. 108ಕ್ಕೆ ಫೋನ್ ಮಾಡಿ, ಆದರೆ ಆಂಬುಲೆನ್ಸ್ ಬರುವವರೆಗೂ ನೀರು ಸುರಿಯುವುದನ್ನು ನಿಲ್ಲಿಸಬೇಡಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಅದು ಸೋಂಕಿನ ಜ್ವರಕ್ಕೆ, ಬಿಸಿಲ ಹೊಡೆತಕ್ಕಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಅಂಗನವಾಡಿ ಕಾರ್ಯಕರ್ತೆ ಕೇಳಿದರು: ‘ತಾಯಂದಿರು ಕೂಸನ್ನ ಸೆರಗಿನಾಗ ಸುತ್ತಿ ಬೈಕ್ ಮ್ಯಾಲೆ ನಡುಹಗಲ ಲಸಿಕೆಗೆ ಕರಕೊಂಡು ಬರ್ತಾರ್ರೀ. ಏನು ಹೇಳೋದು?’ ಲಸಿಕೆ ತಪ್ಪಿಸಬಾರದು. ಬಿಸಿಗಾಳಿಯ ದಿನಗಳಲ್ಲಿ ಲಸಿಕೆ ದಿನವನ್ನು ಬೆಳಿಗ್ಗೆ ಬೇಗ ಶುರು ಮಾಡಲು ನಿಮ್ಮ ಆರೋಗ್ಯ ಸಹಾಯಕಿಯ ಜೊತೆ ಮಾತಾಡಿ. ಮುಖದ ಮೇಲೆ ದಪ್ಪ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿ ಆಡದೆ ಕಾವು ಏರುತ್ತದೆ. ತೆಳು ಹತ್ತಿ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಮೈಗೆ ನೆರಳು ಮಾಡಿ, ಮೂಗು ಬಾಯಿ ಬಿಟ್ಟಿರಲಿ. ದಾರಿಯಲ್ಲಿ ಮರ ಸಿಕ್ಕಲ್ಲಿ ನಿಲ್ಲಿಸಿ ಹಾಲು ಕುಡಿಸಲಿ.

ಪಂಚಾಯಿತಿ ಸದಸ್ಯರೊಬ್ಬರು ಕೇಳಿದರು: ‘ಚಾವಣಿಗೆ ಬಣ್ಣ ಬಳಿಯಾಕ ರೊಕ್ಕ ಎಲ್ಲಿಂದ ತರೋದು ಸಾಹೇಬ್ರ?’ ಸುಣ್ಣದ ಖರ್ಚು ಪಂಚಾಯಿತಿಯ ಸ್ವಂತ ತೆರಿಗೆ ಹಣಕ್ಕೆ ಮೀರಿದ್ದಲ್ಲ. ಆದರೆ ಮೇ ತಿಂಗಳಲ್ಲಿ ಕೇಳಿದರೆ ಯಾರೂ ಕೊಡಲು ಆಗುವುದಿಲ್ಲ. ನಮ್ಮ ರಾಜ್ಯದಲ್ಲಿ ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಮಕ್ಕಳ ಗ್ರಾಮಸಭೆ ಶುರುವಾಗುತ್ತದೆ. ಈ ಸಲ ಅಲ್ಲಿ ಮಕ್ಕಳೇ ತಮ್ಮ ಶಾಲೆಯ, ಅಂಗನವಾಡಿಯ ಥರ್ಮಾಮೀಟರ್ ಲೆಕ್ಕ ಓದಲಿ. ಯಾವ ಕಟ್ಟಡದ ಚಾವಣಿ, ಎಷ್ಟು ಚದರಡಿ, ಎಷ್ಟು ಸುಣ್ಣ, ಯಾರ ಜವಾಬ್ದಾರಿ ಅಂತ ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರೆಸಿ. ಫೆಬ್ರವರಿ ಮುಗಿಯುವುದರೊಳಗೆ ಬಿಳಿ ಬಣ್ಣ ಚಾವಣಿಯ ಮೇಲಿರಬೇಕು.